ದೇವರಿಗೆ ಡಿಕ್ಟೇಷನ್

ಗೋವಾದ ಪರ್ವರಿಯಲ್ಲಿ ನನ್ನ ಪಕ್ಕದ ಮನೆಯಾತ, ಬೊಗಳುತ್ತದೆಂದು ನನ್ನ ಮುದಿ ನಾಯಿಗೆ ವಿಷ ಹಾಕಿ ಕೊಂದ. ಹಾಕಿದ್ದನ್ನು ನಮ್ಮ ಕೆಲಸದಾಕೆ ಕಣ್ಣಾರೆ ಕಂಡಿದ್ದಳು.

“ಅವಂದೂ ಒಂದು ನಾಯಿ ಐತ್ರಿ, ಅವ್ವಾರ,” ಎಂದಳು.

“ಛೀ! ಆ ಮೂಕಪ್ರಾಣಿ ಏನ್ ಮಾಡ್ಯದ ನಿನಗ?” ಎಂದು ಗದರಿದೆ.

ಕೊನೆಗೆ ಇಬ್ಬರೂ ದೇವಸ್ಥಾನಕ್ಕೆ ಹೋಗಿ ಗಾರಾಣೆ ಹಾಕಿಸಿದೆವು. ಗಾರಾಣೆಯೆಂದರೆ ನಮ್ಮ ಪರವಾಗಿ ಭಟ್ಟರು ದೇವರೆದುರು ಗಟ್ಟಿಯಾಗಿ ಹೇಳುವ ದೂರು. ನಡೆದದ್ದನ್ನೆಲ್ಲ ಹೇಳಿ ಮುಗಿಸಿ, ಏನು ಶಿಕ್ಷೆ ಕೇಳಲಿ ಎಂದು ಭಟ್ಟರು ನನ್ನತ್ತ ತಿರುಗಿದರು.

“ಅವಂದು ಒಂದು ಕಾಲಾದ್ರೂ ಮುರೀಲಿ ಅನ್ರಿ!” ಇವಳು ನನ್ನ ಸೆರಗು ಜಗ್ಗಿದಳು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗೆ ಕಂಪ್ಲೇಂಟ್ ಕೊಡಬಹುದಿತ್ತು. ಪನಿಷ್‌ಮೆಂಟ್ ಏನೆಂದು ನಾವು ಹೇಳುವಂತಿರಲಿಲ್ಲ. ಎಷ್ಟು ಚೆಂದದ ರೂಲು ಅದು.

“ದೂರು ಮುಟ್ಟಿದರೆ ಸಾಕು. ದೇವರಿಗೆ ನಾನು ಡಿಕ್ಟೇಷನ್ ಕೊಡುವುದಿಲ್ಲ,” ಎಂದೆ.

ಸುದ್ದಿ ಕೇಳಿ ಮರುದಿನವೇ ಪಕ್ಕದ ಮನೆಯಾತ ನಮ್ಮ ಗೇಟಿಗೆ ಬಂದ. ಮುಖ ಬಿಳಿಚಿಕೊಂಡಿತ್ತು. “ಆಂಟಿ, ನನಗೇನಾಗಲಿ ಅಂತ ಕೇಳಿಕೊಂಡಿರಿ?”

“ಏನೂ ಕೇಳಲಿಲ್ಲ, ಮಿಸ್ಟರ್. ಅದನ್ನು ದೇವರಿಗೇ ಬಿಟ್ಟಿದ್ದೇನೆ.”

ಅವನು ಇನ್ನಷ್ಟು ಬಿಳಿಚಿಕೊಂಡ. “ಪ್ಲೀಸ್, ವಾಪಸ್ ತಗೊಳ್ಳಿ.”

“ನೋ,” ಎಂದು ಗೇಟಿನ ಚಿಲಕ ಹಾಕಿಕೊಂಡೆ.