ವ್ಯಾನಿನ ನೆಲಕ್ಕೆ ತೇಪೆ

ಆ ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು 'ನಾಳೆ ಟೈಲರ್' ಎಂದು. ಕೈಕೆಲಸದಲ್ಲಿ ಎರಡು ಮಾತಿಲ್ಲ. ಅವನು ಹೊಲಿದ ಅಂಗಿ ಹರಿದದ್ದನ್ನು ಕಂಡವರಿಲ್ಲ. ಹೊತ್ತಿಗೆ ಸರಿಯಾಗಿ ಕೊಟ್ಟದ್ದನ್ನೂ ಕಂಡವರಿಲ್ಲ. ಗಿರಾಕಿ ಬಾಗಿಲಿಗೆ ಬಂದರೆ ತಲೆ ಎತ್ತದೆ "ಕಾಜಾ ಒಂದು ಬಾಕಿ, ನಾಳೆ ಬನ್ನಿ" ಅನ್ನುವನು. ಅವನನ್ನು ನಂಬಿ ಒಬ್ಬ ಮದುಮಗ ಎರವಲು ಕೋಟಿನಲ್ಲಿ ಮದುವೆಯಾದದ್ದೂ ಉಂಟು.

ಹೆಂಡತಿ ಇದಕ್ಕೆ ತದ್ವಿರುದ್ಧ. ಹನ್ನೆರಡು ವರ್ಷದಿಂದ ಹಳೆಯ ವ್ಯಾನಿನಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ಯುವವಳು. ಬೆಳಿಗ್ಗೆ ಅವಳ ವ್ಯಾನು ತಿರುವಿನಲ್ಲಿ ಕಂಡರೆ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಮೂವತ್ತೆಂಟನೆಯ ವಯಸ್ಸಿನಲ್ಲಿ, ನೆಂಟರೆಲ್ಲ ಮುಸಿಮುಸಿ ನಗುತ್ತಿರುವಾಗ ಸ್ಟೀರಿಂಗ್ ಹಿಡಿದವಳು. ಮಕ್ಕಳಿಗೆ ಅವಳು 'ವ್ಯಾನ್ ಆಂಟಿ'. ಹಾಗೆ ಕರೆಸಿಕೊಂಡಾಗಲೆಲ್ಲ ಅವಳ ಬೆನ್ನು ಒಂದಿಷ್ಟು ನೆಟ್ಟಗಾಗುವುದನ್ನು ಟೈಲರ್ ಕಂಡಿದ್ದ.

ಒಂದು ಸಂಜೆ ಹಿಂದಿನ ಸೀಟಿನ ಹುಡುಗಿಯ ಪೆನ್ಸಿಲ್ ಸೀಟಿನ ಕಾಲಿನ ಸಂದಿಗೆ ಬಿದ್ದದ್ದು ಮತ್ತೆ ಸಿಗಲೇ ಇಲ್ಲ. ಹುಡುಗಿ ಬಗ್ಗಿ ನೋಡಿ ಚಪ್ಪಾಳೆ ತಟ್ಟಿದಳು. "ಆಂಟಿ, ಇಲ್ಲಿಂದ ರಸ್ತೆ ಕಾಣ್ತಿದೆ!"

ಪುಣ್ಯಕ್ಕೆ ಮರುದಿನದಿಂದ ಶಾಲೆಗೆ ರಜೆ. ಆದರೆ ಹತ್ತನೆಯ ದಿನಕ್ಕೆ ವಾಹನ ತಪಾಸಣೆಯಿತ್ತು.

"ನೆಲ ಪಾಸಾಗ್ಲಿಲ್ಲ ಅಂದ್ರೆ ಮಕ್ಳನ್ನ ಕೂರಿಸೋ ಹಾಗಿಲ್ಲ," ಅಂದಳು ಹೆಂಡತಿ. "ಇನ್ನೊಂದು ವ್ಯಾನ್ ತಗೊಳ್ಳೋ ಶಕ್ತಿ ನಮಗಿಲ್ಲ. ತೆಪ್ಪಗೆ ಮನೇಲಿ ಕೂತ್ಕೋತೀನಿ, ಅಷ್ಟೆ."

ಎರಡು ಮನೆಯಾಚೆಯ ವೆಲ್ಡರ್ ಬಂದು ಸ್ಕ್ರೂಡ್ರೈವರಿನಿಂದ ನೆಲವನ್ನು ಅಡಿಯಿಂದ ತಿವಿದು ನೋಡಿದ. "ಟೈಲರಣ್ಣ, ಇದು ವ್ಯಾನಲ್ಲ, ಜರಡಿ. ಗುಜರಿಗೆ ಹಾಕಿ."

"ತೇಪೆ ಹಾಕೋಕಾಗಲ್ವಾ?"

"ಆಗುತ್ತೆ. ತುಕ್ಕು ಕೆರೆದು, ತಗಡು ಅಳತೆಗೆ ಕತ್ತರಿಸಿ ಕೂರಿಸೋಕೇ ನಾಲ್ಕೈದು ದಿನ ಬೇಕು. ನನಗೆಲ್ಲಿ ಪುರುಸೊತ್ತು?"

"ಅದನ್ನ ನಾನು ಮಾಡ್ತೀನಿ. ನೀನು ಬಂದು ಬೆಸುಗೆ ಹಾಕು, ಸಾಕು."

"ಯಾವಾಗ ಮುಗಿಸ್ತೀರಾ?" ಎಂದಳು ಹೆಂಡತಿ. ಅವನು ಬಾಯಿ ತೆರೆದ. "ನಾಳೆ ಅಂತ ಮಾತ್ರ ಅನ್ಬೇಡಿ," ಎಂದು ಒಳಗೆ ಹೋದಳು.

ವ್ಯಾನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಟೈಲರ್ ಸೀಟುಗಳನ್ನು ಬಿಚ್ಚಿದ. ಆಮೇಲೆ ನೆಲಹಾಸು ಎತ್ತಿದ. ಐದು ವರ್ಷದ ಹಿಂದೆ ಹೆಂಡತಿಯ ಹುಟ್ಟುಹಬ್ಬಕ್ಕೆ ಅವನೇ ಹೊಲಿದುಕೊಟ್ಟ ಹಾಸು ಅದು: ಮೇಲೆ ರೆಕ್ಸಿನ್, ಕೆಳಗೆ ದಪ್ಪ ಕಂಬಳಿ, ಸುತ್ತ ಕೆಂಪು ಅಂಚು, ಸೀಟಿನ ಪ್ರತಿ ಕಾಲಿಗೂ ಒಂದೊಂದು ಕಾಜಾ. ಎತ್ತಿದರೆ ಕಂಬಳಿ ಒದ್ದೆ. ಮಕ್ಕಳ ಬೂಟಿನ ನೀರು ಐದು ಮಳೆಗಾಲ ಆ ಕಾಜಾಗಳಿಂದ ಇಳಿದಿತ್ತು. ಕಂಬಳಿ ಅದನ್ನು ಕುಡಿದಿತ್ತು, ರೆಕ್ಸಿನ್ ಆರಗೊಟ್ಟಿರಲಿಲ್ಲ. ನೀರು ಹೊರಹೋಗಲೆಂದು ನೆಲದಲ್ಲಿದ್ದ ಸಣ್ಣ ತೂತುಗಳನ್ನೂ ಕಂಬಳಿಯ ಜುಂಗು ಮುಚ್ಚಿಹಾಕಿತ್ತು. ತಗಡು ಬೆರಳಿಗೆ ಪುಡಿಪುಡಿಯಾಗಿ ಬಂತು.

ಅವನಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಹಾಸನ್ನು ಸುತ್ತಿ ಹೊಲಿಗೆ ಯಂತ್ರದ ಹಿಂದೆ ತುರುಕಿದ. "ಹಳೇ ಗಾಡಿ, ತುಕ್ಕು ಹಿಡೀದೆ ಇರುತ್ತಾ?" ಎಂದು ಹೆಂಡತಿ ಕೇಳದಿದ್ದರೂ ಹೇಳಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಕೆಲಸವೂ ಹಾಗೇ ನಡೆಯಿತು. ಸಾವಿರ ರೂಪಾಯಿಯ ಬಟ್ಟೆಗೆ ಕಣ್ಣು ಮಿಟುಕಿಸದೆ ಕತ್ತರಿ ಹಾಕುವವನು ಇಲ್ಲಿ ಅಂಗೈಯಗಲದ ತೂತಿನ ಸುತ್ತ ಮಾತ್ರ ತಂತಿ ಬ್ರಷ್ ಆಡಿಸಿ, ತಟ್ಟೆಯಷ್ಟು ತಗಡು ಕತ್ತರಿಸಿಟ್ಟುಕೊಂಡ. ಐದನೆಯ ದಿನ ವೆಲ್ಡರ್ ಬಂದು ಬೆಂಕಿ ತಾಗಿಸಿದ್ದೇ ತಡ, ಸುತ್ತಲಿನ ಅಂಚು ಕರಗಿ ಮಾಯವಾಯಿತು. ಒಂದು ತೂತು ಇದ್ದಲ್ಲಿ ಮೂರಾದವು.

"ಬಟ್ಟೆಗೂ ಹೀಗೇ ಪಿಸಿದ ಅಂಚಿಗೇ ತೇಪೆ ಹೊಲೀತೀರಾ?" ಎಂದು ವೆಲ್ಡರ್ ಎದ್ದುಹೋದ.

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಬರಿದಾದ ವ್ಯಾನನ್ನು ನೋಡುತ್ತ ನಿಂತಳು.

"ನೆಲ ತಿಂದಿದ್ದು ನನ್ನ ಹಾಸು ಕಣೇ," ಎಂದುಬಿಟ್ಟ ಅವನು. "ಮೊದಲ ದಿನವೇ ಗೊತ್ತಾಯ್ತು, ಮುಚ್ಚಿಟ್ಟೆ. ದೊಡ್ಡದಾಗಿ ಕತ್ತರಿಸಿದ್ರೆ ಎಷ್ಟು ಹಾಳು ಮಾಡಿದೀನಿ ಅಂತ ನಿನಗೆ ಕಾಣುತ್ತಲ್ಲ, ಅದಕ್ಕೇ ಕೈ ಬರ್ಲಿಲ್ಲ."

"ನನಗೇನು ಗೊತ್ತಿರ್ಲಿಲ್ವಾ? ಎರಡನೇ ಮಳೆಗಾಲಕ್ಕೇ ಮುಗ್ಗಲು ವಾಸನೆ ಬಂದಿತ್ತು."

"ಮತ್ತೆ ಯಾಕೆ ಕಿತ್ತು ಬಿಸಾಕ್ಲಿಲ್ಲ?"

"ಇಪ್ಪತ್ತೇಳು ವರ್ಷದಲ್ಲಿ ನೀವು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದು ಅದೊಂದೇ ಕಣ್ರೀ. ಹೇಗೆ ಬಿಸಾಕ್ಲಿ?"

ಅವನು ಚಕ್ರದ ಪಕ್ಕದಲ್ಲೇ ಕುಸಿದು ಕೂತ. ಅಳು ಬಂತೋ ನಗು ಬಂತೋ ಅವನಿಗೇ ತಿಳಿಯಲಿಲ್ಲ. ಅವಳು ಮಾತ್ರ ನಕ್ಕಳು. "ಆಯ್ತು, ತಪ್ಪು ಇಬ್ಬರದೂ. ಈಗ ಕೊಳೆತದ್ದು ಒಂದು ಚೂರೂ ಉಳೀಬಾರ್ದು. ಕತ್ತರಿಸಿ."

ಆಮೇಲೆ ಅವನು ಟೈಲರನಂತೆ ಕೆಲಸ ಮಾಡಿದ. ಅವಳು ಸುತ್ತಿಗೆಯಿಂದ ತಟ್ಟುತ್ತ ಹೋದಳು. ಡಬ್ ಎಂದಲ್ಲಿ ಕೊಳೆತ, ಟಣ್ ಎಂದಲ್ಲಿ ಗಟ್ಟಿ. ಟಣ್ ಎಂದ ಜಾಗದಿಂದಲೂ ಒಂದು ಅಂಗುಲ ಆಚೆಗೆ ಅವನು ಬಟ್ಟೆಯ ಸೀಮೆಸುಣ್ಣದಿಂದ ಗೆರೆ ಎಳೆದ. ಕತ್ತರಿಸಿ ಮುಗಿಸಿದಾಗ ನೆಲದಲ್ಲಿ ಒಂದು ಮಗು ನುಸುಳುವಷ್ಟು ಕಿಂಡಿಯಾಗಿತ್ತು. ಅವಳು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ಅವನು ನ್ಯೂಸ್‌ಪೇಪರ್ ಹಾಸಿ ಉಬ್ಬು ತಗ್ಗುಗಳ ಅಳತೆ ತೆಗೆದು, ಸುತ್ತ ಹೊಲಿಗೆಗೆ ಬಿಡುವಂತೆ ಒಂದಿಂಚು ಅಂಚು ಬಿಟ್ಟು, ಹೊಸ ತಗಡು ಕತ್ತರಿಸಿ ಬಗ್ಗಿಸಿ ಕೂರಿಸಿದ. ಬಟ್ಟೆಯಾದರೆ ಗುಂಡುಸೂಜಿ ಚುಚ್ಚುವ ಕಡೆಗಳಲ್ಲಿ ಕ್ಲಿಪ್ಪು ಹಾಕಿದ.

ಎಂಟನೆಯ ದಿನ ವೆಲ್ಡರ್ ಮತ್ತೆ ಬಂದು ಬಗ್ಗಿ ನೋಡಿದ. ಈ ಸಲ ಹಾಸ್ಯ ಮಾಡಲಿಲ್ಲ. ಒದ್ದೆ ಗೋಣಿ ಪಕ್ಕದಲ್ಲಿಟ್ಟುಕೊಂಡು ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಬೆಸುಗೆ ಹಾಕುತ್ತ ಹೋದ. "ಒಂದೇ ಕಡೆಯಿಂದ ಎಳ್ಕೊಂಡು ಹೋದ್ರೆ ತಗಡು ಸುಕ್ಕಾಗುತ್ತೆ ಅಣ್ಣ."

"ಬಟ್ಟೆಯೂ ಅಷ್ಟೇ ಕಣಪ್ಪ. ಅದಕ್ಕೇ ನಾವು ಮೊದಲು ಕಚ್ಚಾ ಹೊಲಿಗೆ ಹಾಕೋದು."

ಸಂದುಗಳಿಗೆ ಸೀಲೆಂಟು, ಮೇಲೆ ಕೆಂಪು ಪ್ರೈಮರ್, ಅಡಿಗೆ ದಪ್ಪ ಕಪ್ಪು ಬಣ್ಣ. ಮುಚ್ಚಿಹೋಗಿದ್ದ ತೂತುಗಳನ್ನು ಅವನು ದಬ್ಬಣದಿಂದ ಬಿಡಿಸಿದ. ಒಂಬತ್ತನೆಯ ದಿನ ಸೀಟುಗಳೂ ಕೂತವು. ಹೊತ್ತಿಗೆ ಮುಂಚೆಯೇ ಕೆಲಸ ಮುಗಿದದ್ದನ್ನು ಬೀದಿಯವರು ನಂಬಲಿಲ್ಲ.

ತಪಾಸಣೆಯ ಅಧಿಕಾರಿ ನೆಲದುದ್ದಕ್ಕೂ ಸಣ್ಣ ಸುತ್ತಿಗೆ ಬಡಿದ. ತೇಪೆಯ ಮೇಲೆ ನಿಂತು ಹಿಮ್ಮಡಿಯಿಂದ ಎರಡು ಸಲ ಒದ್ದ. ಆಮೇಲೆ ವ್ಯಾನಿನಡಿಗೆ ತೂರಿಕೊಂಡ. ಅವನು ಹೊರಬರುವವರೆಗೂ ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಯಾವ ಗ್ಯಾರೇಜಿನ ಕೆಲಸ ಇದು?"

"ನಮ್ಮ ಮನೆಯವರದು ಸರ್. ಟೈಲರ್," ಎಂದಳು.

ಅಧಿಕಾರಿ ಟೈಲರನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೆಲ ಗಟ್ಟಿಯಾಗಿದೆ. ಓಡಿಸಿ," ಎಂದು ಕಾಗದಕ್ಕೆ ಮುದ್ರೆ ಒತ್ತಿದ.

ಅವಳು ಹತ್ತಿ ಕೂತಳು, ಆದರೆ ವ್ಯಾನು ಹೊರಡಿಸಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿದ್ದವು. "ಮನೇಲಿ ಕೂತ್ಕೋತೀನಿ ಅಂತ ಸುಲಭವಾಗಿ ಅಂದ್ಬಿಟ್ಟೆ. ಎಷ್ಟು ಹೆದರಿದ್ದೆ ಗೊತ್ತಾ? ಈ ಸೀಟಿಂದ ಇಳಿದ್ಮೇಲೆ ನಾನು ಯಾರು ಅಂತ ನನಗೇ ಗೊತ್ತಾಗ್ತಿರ್ಲಿಲ್ಲ."

"ನನಗೆ ಗೊತ್ತಿತ್ತು ಕಣೇ. ಅದಕ್ಕೇ ನಾನೂ ಹೆದರಿದ್ದು," ಎಂದ ಟೈಲರ್.

ಅವಳು ಕಣ್ಣೊರೆಸಿಕೊಂಡು, ಕನ್ನಡಿ ಸರಿಮಾಡಿ, ಬೆನ್ನು ನೆಟ್ಟಗೆ ಮಾಡಿ ಕೂತಳು. "ಬಾಗಿಲು ಸರಿಯಾಗಿ ಹಾಕ್ಕೊಳ್ಳಿ, ಕೈ ಹೊರಗೆ ಹಾಕ್ಬೇಡಿ," ಎಂದಳು, ಮಕ್ಕಳಿಗೆ ಹೇಳುವ ದನಿಯಲ್ಲೇ. ಅವನು ಬಾಗಿಲು ಹಾಕಿಕೊಂಡು ಕೈ ಕಟ್ಟಿ ಕೂತ. ಅವಳು ಗೇರು ಹಾಕಿದಳು.