ಕಟ್ಟೆ ಕಳೆದು ಬರೆದ ಅಂಕಿ

ಅಳತೆಯಕ್ಕನ ಪ್ರಕಾರ ಜನರಲ್ಲಿ ಎರಡೇ ಬಗೆ. ಬಾವಿಯೊಳಗೆ ಬಗ್ಗಿ ನೋಡಿದವರು ಒಂದು, ನೋಡದವರು ಇನ್ನೊಂದು. ಮೊದಲನೆಯ ಬಗೆಯಲ್ಲಿ ಆಕೆ ಒಬ್ಬಳೇ ಇದ್ದಳು. ಎರಡನೆಯದರಲ್ಲಿ ಜಲ ಇಲಾಖೆಯ ಮೇಲ್ಮಹಡಿ ಇಡಿಯಾಗಿ, ಕೆಳಮಹಡಿಯಲ್ಲಿ ಆಕೆಯನ್ನು ಬಿಟ್ಟು ಉಳಿದವರೆಲ್ಲ, ಆಕೆಯ ಗಂಡ, ಗಂಡನ ಅಣ್ಣ, ಪತ್ರಿಕೆಯವರು ಮತ್ತು ಮೂವತ್ತೊಂದು ವರ್ಷಗಳಲ್ಲಿ ಬಂದುಹೋದ ಒಂಬತ್ತು ಮಂದಿ ಸಾಹೇಬರು ಸೇರಿದ್ದರು. ಹತ್ತನೆಯ ಸಾಹೇಬ ಬಂದ ದಿನವೇ ಆತನ ಶೂ ನೋಡಿ, ಇವನೂ ಆ ಕಡೆಯವನೇ ಎಂದು ತೀರ್ಮಾನಿಸಿಬಿಟ್ಟಳು. ಆ ಮಟ್ಟಿಗೆ ಆಕೆ ಹೇಳಿದ್ದು ಸರಿಯಾಗಿಯೇ ಇತ್ತು.

ಆಕೆಯ ಕೆಲಸ ಇಷ್ಟೇ. ಊರಿನ ನಲವತ್ತೆರಡು ಬಾವಿಗಳಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ತಿಂಗಳಿಗೊಮ್ಮೆ ಅಳೆಯುವುದು. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ, ಕಟ್ಟೆಯ ಮೇಲಿಂದ ಬಾವಿಗೆ ಇಳಿಬಿಟ್ಟು, ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆಯೋ ನೋಡಿ ಅಂಕಿ ಓದುವುದು. ಆಮೇಲೆ ಆಕೆ ಯಾರೂ ಕಲಿಸದ ಇನ್ನೊಂದು ಕೆಲಸ ಮಾಡುತ್ತಿದ್ದಳು. ಆಯಾ ಬಾವಿಯ ಕಟ್ಟೆ ಎಷ್ಟು ಎತ್ತರವೋ ಅಷ್ಟನ್ನು ತಲೆಯಲ್ಲೇ ಕಳೆದು, ಉಳಿದದ್ದನ್ನು ಪುಸ್ತಕಕ್ಕೆ ಏರಿಸುತ್ತಿದ್ದಳು. ಪುಸ್ತಕದ ಪ್ರತಿ ಹಾಳೆಯ ತಲೆಯ ಮೇಲೆ ‘ಕಟ್ಟೆಯ ಅಂಚಿನಿಂದ ಓದಿದ್ದನ್ನು ಓದಿದಂತೆಯೇ ಬರೆಯಿರಿ’ ಎಂದು ಅಚ್ಚಾಗಿತ್ತು. ಅದನ್ನು ಬರೆದವನು ಬಾವಿ ಕಂಡವನಲ್ಲ ಎನ್ನುವುದು ಆಕೆಯ ಅಭಿಪ್ರಾಯ. ನೀರು ಇರುವುದು ನೆಲದೊಳಗೆ, ಗಾರೆಯವನು ಪೇರಿಸಿದ ಇಟ್ಟಿಗೆಯೊಳಗಲ್ಲ. ಆಳವನ್ನು ನೆಲದಿಂದಲೇ ಹೇಳಬೇಕು. ನಲವತ್ತೆರಡು ಕಟ್ಟೆಗಳ ಎತ್ತರವೂ ಆಕೆಗೆ ಬಾಯಿಪಾಠವಾಗಿತ್ತು. ಈ ಜಾಣತನವನ್ನು ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಹೇಳಿಸಿಕೊಳ್ಳುವ ಯೋಗ್ಯತೆ ಯಾರಿಗೂ ಇರಲಿಲ್ಲ.

ಮೇಲ್ಮಹಡಿಯದು ಹೊಳೆ ವಿಭಾಗ. ಅಲ್ಲಿ ತಣ್ಣನೆಯ ಗಾಳಿಯ ಯಂತ್ರವಿತ್ತು, ತಿರುಗುವ ಕುರ್ಚಿಗಳಿದ್ದವು. ಹೊಳೆಯ ಮಟ್ಟ ಕಾಲುಗಂಟೆಗೊಮ್ಮೆ ತಾನಾಗಿಯೇ ಪರದೆಯ ಮೇಲೆ ಬಂದು ಕೂರುತ್ತಿತ್ತು. ಅವರು ಕೆಳಗಿನವರನ್ನು ‘ಕಪ್ಪೆ ವಿಭಾಗ’ ಎನ್ನುತ್ತಿದ್ದರು. ಅಳತೆಯಕ್ಕ ಅವರನ್ನು ‘ಸೇತುವೆ ಮೇಲಿನವರು’ ಎನ್ನುತ್ತಿದ್ದಳು, ಏಕೆಂದರೆ ಅವರು ನೀರನ್ನು ಮುಟ್ಟದೆ ಮೇಲಿನಿಂದ ನೋಡುವವರು. ಪ್ರತಿ ವರ್ಷ ಹೊಳೆ ವಿಭಾಗದ ವರದಿ, ಊರು ದಾಟುವಷ್ಟರಲ್ಲಿ ಹೊಳೆಯ ಇಷ್ಟು ನೀರು ಎಲ್ಲಿಗೋ ಹೋಯಿತು ಎನ್ನುತ್ತಿತ್ತು. ಬಾವಿ ವಿಭಾಗದ ವರದಿ, ಊರ ಬಾವಿಗಳಿಗೆ ಇಷ್ಟು ನೀರು ಎಲ್ಲಿಂದಲೋ ಬಂತು ಎನ್ನುತ್ತಿತ್ತು. ಎರಡರ ನಡುವೆ ಹತ್ತೊಂಬತ್ತು ಮೆಟ್ಟಿಲು. ಮೂವತ್ತೊಂದು ವರ್ಷಗಳಲ್ಲಿ ಒಬ್ಬರೂ ಅವನ್ನು ಹತ್ತಿ ಅಥವಾ ಇಳಿದು ಕೇಳಲಿಲ್ಲ. ದೊಡ್ಡ ಸಂಬಳದ ಸೋಮಾರಿಗಳಿಗೆ ಮೊಣಕಾಲು ನೋವು ಬೇಗ ಬರುತ್ತದೆ.

ಕೊನೆಗೆ ಎರಡೂ ಲೆಕ್ಕ ಹೊಂದಿಸುವ ಕೆಲಸಕ್ಕೆ ಹೊರಗಿನಿಂದ ಒಬ್ಬಳನ್ನು ಗುತ್ತಿಗೆಯ ಮೇಲೆ ಕರೆಸಿದರು. ಇಪ್ಪತ್ತಾರರ ಇಂಜಿನಿಯರ್. ಹೊಳೆಯ ಮಾಡೆಲನ್ನೂ ಅಂತರ್ಜಲದ ಮಾಡೆಲನ್ನೂ ಒಂದು ಸಾಫ್ಟ್‌ವೇರ್‌ನಿಂದ ಜೋಡಿಸುವವಳಾದ್ದರಿಂದ ಕೆಳಮಹಡಿ ಅವಳಿಗೆ ‘ಬೆಸುಗೆ ಹುಡುಗಿ’ ಎಂದು ಹೆಸರಿಟ್ಟಿತು. ಅವಳಿಗಾಗಿ ಸರ್ವೆಯವರು ಮುಕ್ಕಾಲಿ ಯಂತ್ರ ಹೊತ್ತು ಬಂದು, ನಲವತ್ತೆರಡು ಕಟ್ಟೆಗಳ ಅಂಚೂ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ತೆಗೆದುಕೊಂಡು ಹೋದರು. ಅವರಲ್ಲಿ ಒಬ್ಬನೂ ಬಾವಿಯೊಳಗೆ ಬಗ್ಗಲಿಲ್ಲ. ಅಳತೆಯಕ್ಕ ಇದನ್ನು ಬೇಕೆಂದೇ ಗಮನಿಸಿದಳು.

ಬೆಸುಗೆ ಹುಡುಗಿ ಒಮ್ಮೆ ಎಲ್ಲರನ್ನೂ ಕೂರಿಸಿ ತನ್ನ ಕೆಲಸ ವಿವರಿಸಿದಳು. ಒಂದು ಮಾಡೆಲಿಗೆ ಹೊಳೆಯ ನೀರಿನ ಎತ್ತರ ಗೊತ್ತು, ಇನ್ನೊಂದಕ್ಕೆ ನೆಲದೊಳಗಿನ ನೀರಿನ ಎತ್ತರ ಗೊತ್ತು. ಸಾಫ್ಟ್‌ವೇರ್ ನಡುವೆ ಕುಳಿತು ದಿನಕ್ಕೊಮ್ಮೆ ಹೊಳೆಯ ಒಂದೊಂದು ತುಂಡಿನಲ್ಲೂ ಯಾವುದು ಮೇಲಿದೆ ಎಂದು ಹೋಲಿಸುತ್ತದೆ. ಮೇಲಿರುವುದು ಕೊಡುತ್ತದೆ, ಕೆಳಗಿರುವುದು ತೆಗೆದುಕೊಳ್ಳುತ್ತದೆ. ಒಂದರಲ್ಲಿ ಕಡಿಮೆಯಾದದ್ದು ಅಷ್ಟೇ ಪ್ರಮಾಣದಲ್ಲಿ ಇನ್ನೊಂದರಲ್ಲಿ ಹೆಚ್ಚಾಗಬೇಕು, ಇನ್ನು ಮೇಲೆ ‘ಎಲ್ಲಿಗೋ’ ‘ಎಲ್ಲಿಂದಲೋ’ ಎನ್ನುವ ಮಾತಿಲ್ಲ. ಅಳತೆಯಕ್ಕ ಹಿಂದಿನ ಸಾಲಿನಿಂದ ಎಲ್ಲರಿಗೂ ಕೇಳುವಂತೆ ಹೇಳಿದಳು: “ನೀರು ಎತ್ತರದಿಂದ ತಗ್ಗಿಗೆ ಹೋಗತ್ತೆ ಅಂತ ನಮ್ಮನೆ ಬಚ್ಚಲಿಗೂ ಗೊತ್ತು. ಅದಕ್ಕೆ ಕಂಪ್ಯೂಟರ್ ಬೇರೆ ಬೇಕಾ?”

ಅವತ್ತು ನಕ್ಕವರಲ್ಲಿ ಯಾರಿಗೂ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಅಳತೆಯಕ್ಕನಿಗೆ ಇತ್ತು. ಸಾಹೇಬನ ತಲೆಯಲ್ಲಿ ಹೊಳೆಯ ತಳಕ್ಕೆ ಊರುದ್ದಕ್ಕೂ ಕಾಂಕ್ರೀಟ್ ಹಾಸುವ ಯೋಜನೆ ಹೊಕ್ಕಿತ್ತು. ಹೊಳೆ ಚೊಕ್ಕಟವಾಗಿ ಕಾಣುತ್ತದೆ, ಉದ್ಘಾಟನೆಗೆ ಒಂದು ಕಲ್ಲು ನೆಡಬಹುದು, ಕಲ್ಲಿನಲ್ಲಿ ಹೆಸರು ಕೆತ್ತಿಸಬಹುದು. ಆ ಮನುಷ್ಯನಿಗೆ ಅದಕ್ಕಿಂತ ಆಳದ ಯೋಚನೆ ಬರುತ್ತಿರಲಿಲ್ಲ. ಹೊಳೆಗೆ ಅಂಟಿಕೊಂಡ ಕೆಳಬೀದಿಯಲ್ಲಿ ಅಳತೆಯಕ್ಕನ ತಂಗಿಯ ಲಾಂಡ್ರಿ ಇತ್ತು. ಗಂಡ ಬಿಟ್ಟುಹೋದ ಮೇಲೆ ಅವಳು ಎರಡು ತೊಟ್ಟಿ, ಒಂದು ಇಸ್ತ್ರಿ ಮೇಜಿನಿಂದ ಶುರುಮಾಡಿ, ಈಗ ಮೂರು ಹೋಟೆಲು, ಒಂದು ಆಸ್ಪತ್ರೆಯ ಹಾಸುಬಟ್ಟೆ ಒಗೆಯುತ್ತಿದ್ದಳು. ಅಷ್ಟಕ್ಕೂ ನೀರು ಹಿತ್ತಿಲ ಬಾವಿಯದು, ಇಲಾಖೆಯ ಲೆಕ್ಕದಲ್ಲಿ ಹದಿನೇಳನೆಯ ನಂಬರಿನದು. ಹೊಳೆಯಲ್ಲಿ ನೀರೇರಿದರೆ ನಾಲ್ಕನೆಯ ದಿನಕ್ಕೆ ಆ ಬಾವಿಯಲ್ಲೂ ಏರುತ್ತದೆ ಎನ್ನುವುದನ್ನು ಅಳತೆಯಕ್ಕ ನೂರು ಸಲ ಕಂಡಿದ್ದಳು. ತಳಕ್ಕೆ ಕಾಂಕ್ರೀಟ್ ಬಿದ್ದರೆ ಬಾವಿ ಬತ್ತುತ್ತದೆ, ಬಾವಿ ಬತ್ತಿದರೆ ತಂಗಿ ಬೀದಿಗೆ ಬೀಳುತ್ತಾಳೆ. “ನನ್ನ ಪುಸ್ತಕ ಇರೋವರೆಗೂ ಆ ಹೊಳೆಗೆ ಯಾರೂ ಕೈ ಹಚ್ಚಲ್ಲ” ಎಂದು ಅವಳಿಗೆ ಮಾತು ಕೊಟ್ಟಿದ್ದಳು.

ಬೆಸುಗೆ ಹುಡುಗಿಯ ನಕ್ಷೆ ಬಂದಾಗ ಅದರಲ್ಲಿ ಬಾಣಗಳಿದ್ದವು. ಹೊಳೆಯಿಂದ ನೆಲಕ್ಕೆ ನೀರು ಹೋಗುವಲ್ಲಿ ನೀಲಿ ಬಾಣ, ನೆಲದಿಂದ ಹೊಳೆಗೆ ಬರುವಲ್ಲಿ ಕೆಂಪು. ಕೆಳಬೀದಿ ಪೂರ್ತಿ ಕೆಂಪಾಗಿತ್ತು. ಸಾಹೇಬ ಹಿಗ್ಗಿ ಹೀರೇಕಾಯಿಯಾದ. ನೋಡಿ, ಹೊಳೆಯೇ ಬಾವಿಗಳ ನೀರನ್ನು ಕದಿಯುತ್ತಿದೆ, ತಳ ಮುಚ್ಚಿದರೆ ಕೆಳಬೀದಿಗೆ ಉಪಕಾರವೇ ಆಗುತ್ತದೆ ಎಂದು ಎಲ್ಲರ ಮುಂದೆ ಓದಿ ಹೇಳಿದ. ಗುರುವಾರದ ಸಭೆಯಲ್ಲಿ ಮಂಜೂರು ಮಾಡುವುದೆಂದಾಯಿತು.

ಅಳತೆಯಕ್ಕನಿಗೆ ಭಯಕ್ಕಿಂತ ಮೊದಲು ಬಂದದ್ದು ಖುಷಿ. ಸಾಫ್ಟ್‌ವೇರ್ ನೀರನ್ನು ಹಿಂದುಮುಂದಾಗಿ ಹರಿಸಿತ್ತು. ಇನ್ನೇನು ಬೇಕು? ಮೂವತ್ತೊಂದು ಪುಸ್ತಕಗಳನ್ನು ಬೀರುವಿನಿಂದ ಇಳಿಸಿ, ಧೂಳು ಒರೆಸಿ, ಎರಡು ಚೀಲಕ್ಕೆ ತುಂಬಿದಳು. ಗುರುವಾರ ಎಲ್ಲರ ಎದುರಿಗೆ ಆ ಹುಡುಗಿಯ ಮುಖಕ್ಕೆ ಹಿಡಿಯುವುದೆಂದು ಮನಸ್ಸಿನಲ್ಲೇ ಭಾಷಣ ಸಿದ್ಧಮಾಡಿಕೊಂಡಳು. ಅದರಲ್ಲಿ ಮೇಲ್ಮಹಡಿಗೂ ಒಂದೆರಡು ಮಾತು ಇಟ್ಟಿದ್ದಳು.

ಬುಧವಾರ ಬೆಳಿಗ್ಗೆ ಹುಡುಗಿಯೇ ಮೆಟ್ಟಿಲಿಳಿದು ಬಂದಳು. ತನ್ನ ಬಾಣಗಳು ತನಗೇ ಸರಿ ಕಾಣುತ್ತಿಲ್ಲ, ಹದಿನೇಳನೇ ಬಾವಿಯನ್ನು ಅಳೆಯುವುದನ್ನು ಒಮ್ಮೆ ನೋಡಬೇಕು ಎಂದಳು. ಈ ಮಹಾರಾಣಿಗೂ ಬಾವಿ ಬೇಕಾಯಿತೇ ಎಂದುಕೊಂಡ ಅಳತೆಯಕ್ಕ, ಶಿಷ್ಯೆಯೊಬ್ಬಳು ಸಿಕ್ಕ ಠೀವಿಯಲ್ಲಿ ಅವಳನ್ನು ಕೆಳಬೀದಿಗೆ ಕರೆದುಕೊಂಡು ಹೋದಳು.

ತೂಗುಹಾಕಿದ ಹಾಸುಬಟ್ಟೆಗಳ ನಡುವೆ ನುಸುಳಿ ಇಬ್ಬರೂ ಬಾವಿಯ ಹತ್ತಿರ ಬಂದರು. ತಂಗಿ ಒಳಗೆ ಆಸ್ಪತ್ರೆಯ ಗಂಟು ಬಿಚ್ಚುತ್ತಿದ್ದಳು. ಅಳತೆಯಕ್ಕ ಸುಣ್ಣ ಉಜ್ಜಿದಳು, ಟೇಪು ಬಿಟ್ಟಳು, ಎಳೆದಳು, ಗಟ್ಟಿಯಾಗಿ “ಆರು ಹತ್ತು” ಎಂದು ಓದಿದಳು. ಎಂದರೆ ಆರು ಮೀಟರ್ ಹತ್ತು ಸೆಂಟಿಮೀಟರ್. ಪುಸ್ತಕದಲ್ಲಿ ಬರೆದದ್ದು ಐದು ಇಪ್ಪತ್ತು.

ಹುಡುಗಿ ಪುಸ್ತಕವನ್ನೇ ನೋಡುತ್ತಿದ್ದಳು. “ಮೇಡಂ, ಓದಿದ್ದು ಆರು ಹತ್ತು ಅಲ್ವಾ?”

“ಕಟ್ಟೆ ತೊಂಬತ್ತು ಸೆಂಟಿಮೀಟರ್ ಇದೆಯಲ್ಲಮ್ಮ, ಅದನ್ನ ಕಳೀಬೇಕು. ಇಷ್ಟೂ ಗೊತ್ತಾಗಲ್ವಾ?”

“ಎಲ್ಲಾ ಬಾವಿಗೂ ಹೀಗೇ ಕಳೀತೀರಾ?”

“ಎಲ್ಲಾ ಬಾವಿಗೂ. ಮೂವತ್ತೊಂದು ವರ್ಷದಿಂದ. ತಲೇಲೇ.”

ಹುಡುಗಿ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಬೈಗುಳವೂ ಇಲ್ಲದ, ಗೇಲಿಯೂ ಇಲ್ಲದ ದನಿಯಲ್ಲಿ ಬಿಡಿಸಿ ಹೇಳಿದಳು. ಸರ್ವೆಯವರು ತೆಗೆದದ್ದು ಕಟ್ಟೆಯ ಅಂಚಿನ ಎತ್ತರ. ಸಾಫ್ಟ್‌ವೇರ್ ಆ ಎತ್ತರದಲ್ಲಿ ಪುಸ್ತಕದ ಆಳವನ್ನು ಕಳೆದು ನೀರಿನ ಮಟ್ಟ ತೆಗೆಯುತ್ತದೆ. ಪುಸ್ತಕದ ಆಳದಲ್ಲಿ ಕಟ್ಟೆ ಮೊದಲೇ ಹೋಗಿರುವುದರಿಂದ, ಬಾವಿಯ ನೀರು ಇರುವುದಕ್ಕಿಂತ ತೊಂಬತ್ತು ಸೆಂಟಿಮೀಟರ್ ಮೇಲೆ ಕಾಣುತ್ತದೆ. ಇಲ್ಲಿ ಹೊಳೆಯ ನೀರು ಬಾವಿಯ ನೀರಿಗಿಂತ ಎತ್ತರದಲ್ಲಿರುವುದು ಬರೀ ನಲವತ್ತು ಸೆಂಟಿಮೀಟರ್. ಹಾಗಾಗಿ ಕಂಪ್ಯೂಟರಿನಲ್ಲಿ ಬಾವಿಯೇ ಹೊಳೆಗಿಂತ ಮೇಲಾಗಿದೆ, ಬಾಣ ತಿರುಗಿದೆ.

ಅಳತೆಯಕ್ಕ ಹಾಳೆಯ ತಲೆಯ ಮೇಲಿನ ಅಚ್ಚಿನ ಸಾಲನ್ನು ಓದಿದಳು. ಇಷ್ಟು ವರ್ಷ ಇದು ಯಾರ ಕಣ್ಣಿಗೂ ಬೀಳದಿದ್ದಕ್ಕೆ ಕಾರಣ ಸುಲಭ. ನೀರು ಏರಿತೇ ಇಳಿಯಿತೇ ಎಂದಷ್ಟೇ ನೋಡುವವರಿಗೆ ಎಲ್ಲಿಂದ ಅಳೆದರೂ ನಡೆಯುತ್ತದೆ. ಬಾವಿಯನ್ನು ಹೊಳೆಯ ಪಕ್ಕದಲ್ಲಿ ನಿಲ್ಲಿಸಿ ಯಾರು ಎತ್ತರ ಎಂದು ಕೇಳುವ ಪ್ರಮೇಯ ಹಿಂದೆ ಬಂದಿರಲಿಲ್ಲ. ನೀರು ಯಾವ ಕಡೆಗೆ ಹೋಗುತ್ತದೆ ಎಂದು ಆಕೆಗೆ ಸರಿಯಾಗಿ ಗೊತ್ತಿತ್ತು. ಅದನ್ನು ತಿರುಗಿಸಿ ತೋರಿಸಿದ್ದು ಆಕೆಯದೇ ಪೆನ್ಸಿಲು.

ಹುಡುಗಿ ಮೆಲ್ಲಗೆ ಹೇಳಿದಳು: “ನಾಳೆ ನಾನೇ ಹೇಳ್ತೀನಿ ಮೇಡಂ, ಅಂಕಿಗಳಲ್ಲಿ ಒಂದು ಹೊಂದಾಣಿಕೆ ಬೇಕಿತ್ತು ಅಂತ. ನಿಮ್ಮ ವಿಷಯ ಬರಲ್ಲ.” ಈ ದಯೆ ಅಳತೆಯಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತಂಗಿ ಒಳಗಿನಿಂದ ಎರಡು ಲೋಟ ಟೀ ತಂದುಕೊಟ್ಟು, ನೀರು ಹೇಗಿದೆ ಅಕ್ಕ ಎಂದು ಕೇಳಿದಳು. ಚೆನ್ನಾಗಿದೆ ಎಂದಳು ಅಳತೆಯಕ್ಕ. ಟೀ ಪೂರ್ತಿ ಕುಡಿಯಲಾಗಲಿಲ್ಲ.

ಗುರುವಾರದ ಸಭೆಯಲ್ಲಿ ಹುಡುಗಿ ಹೊಂದಾಣಿಕೆಯ ಮಾತೆತ್ತಿದ ಕೂಡಲೇ ಸಾಹೇಬ ಪೆನ್ನು ಕೆಳಗಿಟ್ಟ. ನಿನ್ನೆ ಕೆಂಪು, ಇವತ್ತು ನೀಲಿ. ಬೇಕಾದಾಗ ಬೇಕಾದ ಬಣ್ಣ ಬಳಿಯಲು ಇದೇನು ಗೋಡೆಯೇ ಎಂದು ಕೇಳಿದ. ಹೊಂದಾಣಿಕೆ ಬೇಕು ಎನ್ನುವುದಕ್ಕೆ ಕಾಗದ ಎಲ್ಲಿ? ಕಾಗದ ಇರಲಿಲ್ಲ. ಇದ್ದದ್ದು ಒಂದು ತಲೆ, ಆ ತಲೆ ಹಿಂದಿನ ಸಾಲಿನಲ್ಲಿ ಎರಡು ಚೀಲ ಪುಸ್ತಕಗಳ ನಡುವೆ ಬಗ್ಗಿ ಕುಳಿತಿತ್ತು. ಹುಡುಗಿ ಹಿಂದೆ ತಿರುಗಿ ನೋಡಲಿಲ್ಲ. ಕೊಟ್ಟ ಮಾತಿನಂತೆ ಅಳತೆಯಕ್ಕನ ಹೆಸರೆತ್ತದೆ ಬೈಸಿಕೊಂಡಳು. ಹೊಳೆ ವಿಭಾಗದ ಮುಖ್ಯಸ್ಥ ಹಲ್ಲುಕಡ್ಡಿ ಆಡಿಸುತ್ತ, ಕಾಂಕ್ರೀಟ್ ಹಾಸಿದರೆ ತನ್ನ ನೀರು ‘ಎಲ್ಲಿಗೋ’ ಹೋಗುವುದು ನಿಲ್ಲುತ್ತದಲ್ಲ, ಹೇಗಾದರೂ ಒಳ್ಳೆಯದೇ ಎಂದ. ಸಾಹೇಬ ಮಂಜೂರಾತಿಯ ಹಾಳೆಯನ್ನು ಹತ್ತಿರ ಎಳೆದುಕೊಂಡ.

ಅಳತೆಯಕ್ಕ ಎದ್ದು ನಿಂತಳು. ಸಿದ್ಧಮಾಡಿಕೊಂಡಿದ್ದ ಭಾಷಣದ ಒಂದು ಪದವೂ ಈಗ ಕೆಲಸಕ್ಕೆ ಬರುವಂತಿರಲಿಲ್ಲ.

“ತಪ್ಪು ಸಾಫ್ಟ್‌ವೇರ್‌ದಲ್ಲ ಸರ್, ನನ್ನದು. ಓದಿದ್ದನ್ನ ಓದಿದ ಹಾಗೇ ಬರೀಬೇಕಿತ್ತು, ನಾನು ಜಾಣತನ ತೋರಿಸಿದೆ. ಕಟ್ಟೆಗಳ ಅಳತೆ ಹೇಳ್ತೀನಿ, ಬರ್ಕೊಳ್ಳಿ. ನಾನೇ ಸಹಿ ಹಾಕ್ತೀನಿ.”

ಒಂದರಿಂದ ನಲವತ್ತೆರಡರವರೆಗೆ ಒಪ್ಪಿಸಿದಳು. ಮುದ್ರಣಾಲಯದ ಹಿಂದಿನದು ಎಪ್ಪತ್ತೈದು, ಶಾಲೆಯದು ನೂರ ಹತ್ತು, ಗ್ಯಾರೇಜಿನದು ಅರವತ್ತು. ಹುಡುಗಿ ಟೈಪ್ ಮಾಡುತ್ತ ಹೋದಳು. ಮೇಲ್ಮಹಡಿಯವರು ಮೊದಲು ಮುಸಿಮುಸಿ ನಕ್ಕರು, ಆಮೇಲೆ ಮುಚ್ಚುಮರೆಯಿಲ್ಲದೆ ನಕ್ಕರು. ಬಾವಿಯೊಳಗೆ ಇಷ್ಟು ಬಗ್ಗಿದವರಿಗೆ ಹೊಟ್ಟೆಗೊತ್ತುವ ಕಟ್ಟೆಯೇ ಕಾಣಲಿಲ್ಲವೇ ಎಂದು ಮುಖ್ಯಸ್ಥ ಕೇಳಿದ. ಆಕೆ ಮುಂದಿನ ನಂಬರು ಹೇಳಿದಳು. ಪರದೆಯ ಮೇಲೆ ಕೆಳಬೀದಿಯ ಬಾಣಗಳು ಒಂದೊಂದಾಗಿ ನೀಲಿಯಾದವು. ಇಷ್ಟು ಜನರ ಎದುರಿಗೆ ಸಹಿ ಬಿದ್ದ ಮೇಲೆ ಸಾಹೇಬನಿಗೂ ಬೇರೆ ದಾರಿಯಿರಲಿಲ್ಲ. ಉದ್ಘಾಟನೆಯ ಕಲ್ಲಿಗೆ ಗೊತ್ತುಮಾಡಿದ್ದ ಕೆಳಬೀದಿಯನ್ನು ಯೋಜನೆಯಿಂದ ಕೈಬಿಟ್ಟ. ತನ್ನ ಕಲ್ಲು ಹೋದ ಸಿಟ್ಟಿಗೆ, ಮೂವತ್ತೊಂದು ಪುಸ್ತಕಗಳ ಮೇಲೂ ‘ಅಂಕಿಗಳು ತಪ್ಪಾಗಿವೆ’ ಎಂದು ಕೆಂಪು ಮೊಹರು ಹಾಕಿಸಲು ಆಜ್ಞೆ ಮಾಡಿದ. ಮೊಹರು ಒತ್ತುವ ಕೆಲಸವನ್ನು ಅಳತೆಯಕ್ಕನಿಗೇ ವಹಿಸಿದ. ಅಂಥ ಸಣ್ಣತನಕ್ಕೆ ಆತನಿಗೆ ಸಾಫ್ಟ್‌ವೇರ್ ಬೇಕಿರಲಿಲ್ಲ.

ಮುಂದಿನ ತಿಂಗಳು ಆಕೆ ಹದಿನೇಳನೆಯ ಬಾವಿಗೆ ಹೋದಾಗ ತಂಗಿಯೂ ಪಕ್ಕದಲ್ಲಿ ಬಂದು ನಿಂತಳು. ಈ ಸಲ ಆಕೆ ಆರು ಎಂಟು ಎಂದು ಓದಿ, ಆರು ಎಂಟು ಎಂದೇ ಬರೆಯತೊಡಗಿದಳು. ತಂಗಿ ಪುಸ್ತಕಕ್ಕೆ ಇಣುಕಿದಳು. ಹೋದ ತಿಂಗಳ ಸಾಲಿನಲ್ಲಿ ಐದು ಇಪ್ಪತ್ತು ಅಂತಿದೆ, ನೀರು ಇಷ್ಟು ಇಳಿದುಬಿಡ್ತಾ ಎಂದು ಕೇಳಿದಳು. ಅಳತೆಯಕ್ಕ ಎಲ್ಲವನ್ನೂ ಹೇಳಿದಳು. ಕಚೇರಿಯಲ್ಲಿ ನಲವತ್ತು ಜನರ ಮುಂದೆ ಹೇಳಿದ್ದಕ್ಕಿಂತ ಇಲ್ಲಿ ಒಬ್ಬಳಿಗೆ ಹೇಳುವುದು ಕಷ್ಟವಾಯಿತು.

ತಂಗಿ ಒದ್ದೆ ಕೈಗಳನ್ನು ಸೊಂಟಕ್ಕೆ ಒರೆಸಿಕೊಂಡು ಬಾವಿಯೊಳಗೆ ಬಗ್ಗಿ ನೋಡಿದಳು.

“ನಾನು ಒಂದ್ಸಲ ಕೇಳಿದ್ದೆ ಅಕ್ಕ. ಪಂಪಿನ ಹಗ್ಗ ನೀರು ಮುಟ್ಟೋದಕ್ಕೂ ನಿನ್ನ ಅಂಕಿಗೂ ಎರಡು ಮೊಳ ವ್ಯತ್ಯಾಸ ಬರತ್ತಲ್ಲ ಅಂತ. ನೀನು ಬಟ್ಟೆ ಒಗಿ, ಅಳತೆ ನನಗೆ ಬಿಡು ಅಂದೆ.”

ಅಳತೆಯಕ್ಕನಿಗೆ ಅದು ನೆನಪಿತ್ತು. ಅಂದಾಗ ತಂಗಿಯ ಕೆಲಸದವರೆಲ್ಲ ನಕ್ಕಿದ್ದೂ, ಅವಳು ತಲೆ ತಗ್ಗಿಸಿಕೊಂಡು ಒಳಗೆ ಹೋದದ್ದೂ ನೆನಪಿತ್ತು. ದಿನಾ ಈ ಬಾವಿಗೆ ಬಗ್ಗುವವಳು ತಂಗಿ. ತಾನು ತಿಂಗಳಿಗೊಮ್ಮೆ ಬರುವವಳು.

ಬರೆದದ್ದನ್ನು ಅಳಿಸಿ, ಟೇಪನ್ನು ಒರೆಸಿ, ಹೊಸದಾಗಿ ಸುಣ್ಣ ಉಜ್ಜಿ ತಂಗಿಯ ಕೈಗೆ ಕೊಟ್ಟಳು. ತಂಗಿ ಇಳಿಬಿಟ್ಟು, ಎಳೆದು, ಒದ್ದೆಯ ಗೆರೆಯ ಹತ್ತಿರ ಕಣ್ಣಿಟ್ಟು ಅಂಕಿ ಓದಿದಳು. ಅಳತೆಯಕ್ಕ ಅದನ್ನು ಓದಿದ ಹಾಗೆಯೇ ಬರೆದುಕೊಂಡಳು.