ನಂಜಿನ ನೆಪ

ನೇತ್ರಾ, ನಿನ್ನ ಬಾಣಂತನದಲ್ಲಿ ನಿನಗೆಂದು ಬಂದ ತರಕಾರಿಯನ್ನು ನಾನು ನಿನಗೆ ಕೊಡಲಿಲ್ಲ. ನನ್ನ ಮಗಳು ಪಲ್ಲವಿಗೆ ತಿನ್ನಿಸಿದೆ. ನಂಜಾಗುತ್ತದೆ ಎಂದು ನಿನಗೆ ಹೇಳಿದ್ದು ಸುಳ್ಳು.

ಇಷ್ಟು ಬರೆಯುವುದಕ್ಕೆ ಬೆಳಗಿನಿಂದ ಒದ್ದಾಡಿದ್ದೇನೆ. ಬಾಯಲ್ಲೇ ಹೇಳೋಣವೆಂದರೆ — ಊರಿನ ಹೆಂಗಸರಿಗೆಲ್ಲ ಬುದ್ಧಿ ಹೇಳುವ ಈ ಅಂಗನವಾಡಿ ಟೀಚರಿಗೆ ತನ್ನ ವಿಷಯ ಬಂದಾಗ ನಾಲಿಗೆ ಏಳುವುದಿಲ್ಲ. ಅದಕ್ಕೇ ಈ ಕಾಗದ.

ಆಗ ನಮ್ಮ ಹೋಬಳಿಯಲ್ಲಿ ಬಾಣಂತಿಯರಿಗೆ ತರಕಾರಿ ಚೀಟಿ ಕೊಡುತ್ತಿದ್ದರು. ಕೊಡಿಗೇನಹಳ್ಳಿ ಸಂತೆಯಲ್ಲಿ ನಾವು ಒಂದು ಪಾಲು ಸೊಪ್ಪು, ಕಾಯಿ, ಹಣ್ಣು ಕೊಂಡರೆ ಅಷ್ಟೇ ಇನ್ನೊಂದು ಪಾಲು ಸರ್ಕಾರದ ಲೆಕ್ಕದಲ್ಲಿ. ಒಣಗಿದ್ದು, ಪೊಟ್ಟಣದ್ದು ನಡೆಯುತ್ತಿರಲಿಲ್ಲ. ಇದನ್ನೆಲ್ಲ ಮನೆಮನೆಗೆ ಹೋಗಿ ಹೇಳಿದವಳು ನಾನೇ. "ಸೊಪ್ಪು ತಿನ್ರಮ್ಮ, ರಕ್ತ ಆಯ್ತದೆ. ನಂಜೂ ಇಲ್ಲ ಗಿಂಜೂ ಇಲ್ಲ" ಎಂದು ಅತ್ತೆಯಂದಿರ ಎದುರಿಗೇ ಸಾರುತ್ತಿದ್ದೆ. ಅವರು ಮುಖ ಗಂಟಿಕ್ಕಿದರೂ ಜಗ್ಗುತ್ತಿರಲಿಲ್ಲ. ಒಬ್ಬಾಕೆಯಂತೂ "ನಿನ್ನ ಸೊಸೆ ಬಾಣಂತಿ ಆಗ್ಲಿ, ಆಗ ನೋಡ್ತೀನಿ ಬುಡು ಟೀಚರಮ್ಮ" ಎಂದು ನಕ್ಕಳು. ಬಂದು ನೋಡಿ ಎಂದು ನಾನೂ ನಕ್ಕಿದ್ದೆ.

ಆಮೇಲೆ ನೀನು ಬಾಣಂತಿಯಾದೆ. ತಾಯಿಯಿಲ್ಲದ ಹುಡುಗಿ, ತವರಿನಲ್ಲಿ ನೀರೆರೆಯುವವರಿಲ್ಲ. ಹಾಗಾಗಿ ಬಾಣಂತನ ನನ್ನ ಪಾಲಿಗೆ ಬಂತು. ಬೇಸರದಿಂದ ಮಾಡಲಿಲ್ಲ, ಅದನ್ನಾದರೂ ನಂಬು. ನೀರು ಕಾಯಿಸಿ ಎರೆದೆ, ಸಾಂಬ್ರಾಣಿ ಹೊಗೆ ಹಾಕಿದೆ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿದೆ. ಊಟಕ್ಕೆ ಮಾತ್ರ — ಬಿಸಿ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ಬದನೆಕಾಯಿ ನಂಜು, ಸೊಪ್ಪು ಶೀತ, ಆಲೂಗಡ್ಡೆ ವಾಯು, ಪರಂಗಿ ಉಷ್ಣ. ನನ್ನ ಅಮ್ಮ ನನ್ನ ಬಾಣಂತನದಲ್ಲಿ ಹೇಳಿದ್ದನ್ನೆಲ್ಲ ಹುಡುಕಿ ತೆಗೆದು ನಿನ್ನ ಮುಂದಿಟ್ಟೆ.

ನಾನೇ ಅದನ್ನು ನಂಬಿದ್ದೆನೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಂಬಿದ್ದರೆ ಎಷ್ಟೋ ವಾಸಿಯಿತ್ತು — ದಡ್ಡ ಮುದುಕಿ ಎಂದು ನೀನು ಬಯ್ದು ಸುಮ್ಮನಾಗಬಹುದಿತ್ತು. ನಂಬಿರಲಿಲ್ಲ, ನೇತ್ರಾ. ಪಲ್ಲವಿಯನ್ನು ನೋಡಲು ಶಿರಾದಿಂದ ಗಂಡಿನವರು ಬರುವವರಿದ್ದರು. ಅದಕ್ಕೆ ಮುಂಚೆ ಬಂದವರು ಹುಡುಗಿ ಬಿಳಿಚಿಕೊಂಡಿದ್ದಾಳೆ ಎಂದು ಹೇಳಿಕಳಿಸಿದ್ದರು. ಆ ಮಾತು ನನ್ನನ್ನು ಕೊರೆಯುತ್ತಿತ್ತು. ನಿನ್ನ ಚೀಟಿಯಲ್ಲಿ ಬಂದ ಕ್ಯಾರೆಟ್ಟು, ಬೀಟ್‌ರೂಟು, ದಾಳಿಂಬೆ ಎಲ್ಲ ಅವಳ ತಟ್ಟೆಗೆ ಹೋಯಿತು, ಮುಖಕ್ಕೆ ಕಳೆ ಬರಲಿ ಎಂದು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದೇನಾದರೂ ಇದ್ದಿದ್ದರೆ ಹೇಳುತ್ತಿದ್ದೆ.

ಎರಡು ಪಾಲು ಬರುತ್ತಿತ್ತಲ್ಲ, ಒಂದನ್ನಾದರೂ ನಿನಗೆ ಕೊಡಬಹುದಿತ್ತು. ಆದರೆ ಒಂದು ಸಲ ನಂಜು ಎಂದುಬಿಟ್ಟ ಮೇಲೆ — ಒಂದು ತುತ್ತು ಕೊಟ್ಟರೂ ನನ್ನ ಮಾತು ಸುಳ್ಳಾಗುತ್ತಿತ್ತು. ಸಂತೆಗೆ ಹಿಂದೂಪುರದ ಕಡೆಯಿಂದ ಬರುವ ತರಕಾರಿಯಾಕೆ ಚೀಟಿ ನೋಡಿದಾಗಲೆಲ್ಲ ಒಂದು ಹಿಡಿ ಸೊಪ್ಪನ್ನು ಮೇಲೆ ಹಾಕಿ "ಕೋಡಲಿಕಿ ಬಾಗಾ ಪೆಟ್ಟಮ್ಮಾ" ಅನ್ನುತ್ತಿದ್ದಳು. ಸೊಸೆಗೆ ಚೆನ್ನಾಗಿ ಬಡಿಸು ಅಂತ. ಆಗಲಿ ಎಂದು ತಲೆಯಾಡಿಸಿ ಚೀಲ ಎತ್ತಿಕೊಂಡು ಬರುತ್ತಿದ್ದೆ.

ಒಂದು ಮಧ್ಯಾಹ್ನ ನುಗ್ಗೆಸೊಪ್ಪಿನ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದೆ. ತಲೆಗೆ ಬಟ್ಟೆ ಕಟ್ಟಿಕೊಂಡೇ ನೀನು ಕೋಣೆಯ ಬಾಗಿಲಿಗೆ ಬಂದೆ. "ಅತ್ತೆ, ಒಂದು ತುತ್ತು ಕೊಡಿ. ಬಾಯೆಲ್ಲ ಕೆಟ್ಟೋಗೈತೆ."

"ಮಗೀಗೆ ನಂಜಾಯ್ತದೆ ಕಣಮ್ಮ" ಎಂದೆ ನಾನು.

ಮಗು ಎಂದದ್ದೇ ತಡ, ನೀನು ತಿರುಗಿ ಒಳಗೆ ಹೋದೆ. ಯಾವ ಮಾತು ಆಡಿದರೆ ನೀನು ಹಿಂದೆ ಸರಿಯುತ್ತೀಯ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ.

ಆಮೇಲಿನದು ನಿನಗೂ ನೆನಪಿದೆ. ಹಿತ್ತಲ ಬಾಗಿಲಲ್ಲಿ ನೀನು ಕಣ್ಣು ಕತ್ತಲಿಟ್ಟು ಬಿದ್ದೆ. ಮಧುಗಿರಿಯ ಆಸ್ಪತ್ರೆಯಲ್ಲಿ ರಕ್ತ ತೀರಾ ಕಡಿಮೆಯಿದೆ ಎಂದು ರಕ್ತ ಏರಿಸಿದರು. ಸೊಪ್ಪು ತರಕಾರಿ ತಿನ್ನುತ್ತಾರೋ ಇಲ್ಲವೋ ಎಂದು ಡಾಕ್ಟರು ಕೇಳಿದರು. "ತಿಂತಾಳೆ ಸಾರ್. ನಾನೇ ಅಂಗನವಾಡಿ ಟೀಚರು" ಎಂದೆ. ಅವರು ಮತ್ತೆ ಕೇಳಲಿಲ್ಲ. ನೀನು ಮಲಗಿದ್ದಲ್ಲಿಂದಲೇ ನನ್ನನ್ನು ನೋಡಿ ಹೌದು ಎಂದು ತಲೆಯಾಡಿಸಿದೆ — ಅತ್ತೆಯ ಮಾನ ಉಳಿಯಲಿ ಎಂದು. ಆ ತಲೆಯಾಡಿಸಿದ್ದು ಇವತ್ತಿಗೂ ಕಣ್ಣ ಮುಂದಿದೆ.

ನಿನ್ನ ಹಾಲು ಬತ್ತಿತು. ಮಗುವನ್ನು ಡಬ್ಬಿ ಹಾಲಿನಲ್ಲಿ ಬೆಳೆಸಿದೆವು. "ನನ್ನ ಮೈಯಾಗೇ ಏನೋ ಐಬೈತೆ ಅತ್ತೆ" ಎಂದು ನೀನು ಅತ್ತಾಗ ನಾನು ಬೆನ್ನು ಸವರಿದೆ. ಬೆನ್ನು ಸವರಲು ಕೈ ಬಂತು, ಬಾಯಿ ಬರಲಿಲ್ಲ. ಇನ್ನೊಂದು ಮಗು ಬೇಡವೆಂದು ನೀನು ಗಂಡನಿಗೆ ಹೇಳಿದ್ದೂ ಆ ಐಬಿಗೆ ಹೆದರಿಯೇ. ಅದು ನನಗೆ ಗೋಡೆಯಾಚೆಯಿಂದ ಕೇಳಿಸಿತ್ತು. ಇಷ್ಟಾದರೂ ನೆರೆಮನೆಯವರ ಹತ್ತಿರ "ನಮ್ಮತ್ತೆ ಇಲ್ದಿದ್ರೆ ನಾನು ಉಳೀತಿರ್ಲಿಲ್ಲ" ಅನ್ನುತ್ತೀಯ. ನೀನು ಹಾಗೆ ಹೊಗಳುವಾಗ ಎದ್ದು ಹೋಗಲೂ ಆಗದೆ ಕೂತಿರುವುದಿದೆಯಲ್ಲ...

ಚೀಟಿಯ ಯೋಜನೆ ನಿಂತುಹೋಯಿತು. ನಂಜಿನ ಮಾತು ನಿಲ್ಲಲಿಲ್ಲ. ಈಗ ಪಲ್ಲವಿ ಶಿರಾದಿಂದ ಬಾಣಂತನಕ್ಕೆ ಬಂದಿದ್ದಾಳೆ. ನನಗೆ ಮಂಡಿನೋವು, ಎಲ್ಲ ನಿನ್ನ ಕೈಯಲ್ಲೇ. ನಾನು ಮಾಡಿದ ಹಾಗೆಯೇ ಮಾಡುತ್ತಿದ್ದೀಯ — ಅದೇ ಮೆಣಸಿನ ಸಾರು, ಅದೇ ಬೆಳ್ಳುಳ್ಳಿ. ಅವಳು ಗೋಡೆ ಹಿಡಿದುಕೊಂಡು ಏಳುವುದನ್ನು ನೋಡುತ್ತೇನೆ. ನೋಡುತ್ತಲೇ ಇದ್ದೇನೆ. ಹೇಳಿದರೆ ಹಳೆಯದೆಲ್ಲ ಹೊರಬೀಳುತ್ತದೆ, ಹೇಳದಿದ್ದರೆ ಮಗಳು ಸೊರಗುತ್ತಾಳೆ. ಸೇಡಿಗೆ ಮಾಡುತ್ತಿದ್ದೀಯೇನೋ ಎಂದು ನಿನ್ನ ಮುಖ ಹುಡುಕಿದೆ. ಸೇಡಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅಲ್ಲಿ ಅಕ್ಕರೆ ಬಿಟ್ಟು ಬೇರೇನೂ ಇಲ್ಲ.

ನಿನ್ನೆ ತಡೆಯಲಾಗದೆ ನುಗ್ಗೆಸೊಪ್ಪಿನ ಪಲ್ಯ ಮಾಡಿ ಅವಳ ಮುಂದಿಟ್ಟೆ. ನೀನು ಓಡಿಬಂದು ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. "ಅತ್ತೆ, ಮಗೀಗೆ ನಂಜಾಯ್ತದೆ. ನೀವೇ ಹೇಳಿದ್ದಲ್ವಾ?"

"ನಂಜಲ್ಲ ಕಣಮ್ಮ. ತಿನ್ಲಿ ಬುಡು."

ನೀನು ಸೌಟು ಹಿಡಿದುಕೊಂಡು ಹಾಗೇ ನಿಂತೆ. "ಅಂಗಾರೆ ಅವತ್ತು?"

ಹಾಲು ಉಕ್ಕುತ್ತಿದೆ ಎಂದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ, ಅದು ನಿನಗೂ ಗೊತ್ತು. ಅಲ್ಲಿಂದಲೇ ನೋಡಿದೆ: ನೀನು ಬಟ್ಟಲನ್ನು ಮತ್ತೆ ಹತ್ತಿರ ಎಳೆದು, ಪಲ್ಲವಿಗೆ ನಿನ್ನ ಕೈಯಾರೆ ಬಡಿಸಿದೆ. ಎರಡು ಸಲ ಬಡಿಸಿದೆ.

ನೀನು ಮತ್ತೆ ಕೇಳಿಲ್ಲ. ಕೇಳುವುದೂ ಇಲ್ಲ, ನಿನ್ನ ಸ್ವಭಾವ ನನಗೆ ಗೊತ್ತು. ಈ ಕಾಗದವನ್ನು ನಾನೇ ನಿನ್ನ ಕೈಗೆ ಕೊಡುತ್ತೇನೆ, ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಿನ್ನ ಮೈಯಲ್ಲಿ ಯಾವ ಐಬೂ ಇರಲಿಲ್ಲ, ನೇತ್ರಾ. ಅವತ್ತೂ ಅದು ನಂಜಾಗಿರಲಿಲ್ಲ.